ಎಲ್ಲರ ಆಟ ಎಂದರೆ ಎಷ್ಟು ಜನರ ಆಟ?

2022ರ ಡಿಸೆಂಬರ್ 18ರ ರಾತ್ರಿ. ಇಶಾ ನಮಾಜು ಮುಗಿಸಿ ಹೊರಬಂದಾಗ ನಮ್ಮ ಮೊಹಲ್ಲಾದ ಚಹಾದಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅಂಗಡಿಯಾತ ಗೋಡೆಗೆ ಬಿಳಿ ಬಟ್ಟೆ ಬಿಗಿದು, ಬಾಡಿಗೆಗೆ ತಂದ ಪ್ರೊಜೆಕ್ಟರಿನಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವಿನ ವಿಶ್ವಕಪ್ ಫೈನಲ್ ಹಚ್ಚಿದ್ದ. ಗ್ಯಾರೇಜಿನ ಹುಡುಗರು, ಆಟೋ ಓಡಿಸುವವರು, ಗಾರೆ ಕೆಲಸದವರು, ಮದರಸದ ಉಸ್ತಾದರು, ಪಕ್ಕದ ಬೀದಿಯ ಜವಳಿ ಅಂಗಡಿಯ ಶೆಟ್ಟರು ಮತ್ತು ಅವರ ಮೊಮ್ಮಗ, ಎಲ್ಲರೂ ಇದ್ದ ಎರಡು ಬೆಂಚುಗಳ ಮೇಲೆ ಒತ್ತಿಕೊಂಡು ಕುಳಿತಿದ್ದರು. ಪಂದ್ಯ ಸಮವಾಗಿ ಪೆನಾಲ್ಟಿ ಒದೆತಕ್ಕೆ ಹೋದಾಗ ಕುದಿಯುವ ಚಹಾದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಇಡೀ ಊರೇ ಅಲ್ಲಿ ನೆರೆದಿದೆ ಎಂದು ನಮಗನ್ನಿಸಿತು.

ಅದೇ ಹೊತ್ತಿಗೆ ಅಮೆರಿಕದ ಟೆಕ್ಸಾಸಿನಲ್ಲಿರುವ ನಮ್ಮ ಖಾಲಾನ ಮಗನಿಂದ ಫೋನಿಗೆ ಸಂದೇಶ ಬಂತು. ಅಲ್ಲಿ ಭಾನುವಾರದ ಬೆಳಗು. ತಾನೂ ನೋಡುತ್ತಿದ್ದೇನೆ, ಆದರೆ ನೆರೆಮನೆಯವರು ಮಾತ್ರ ಮಧ್ಯಾಹ್ನದ 'ತಮ್ಮ' ಫುಟ್ಬಾಲಿಗಾಗಿ ಅಂಗಳದಲ್ಲಿ ಒಲೆ ಹೊತ್ತಿಸುವ ಸಿದ್ಧತೆಯಲ್ಲಿದ್ದಾರೆ ಎಂದು ಬರೆದಿದ್ದ. ಅದನ್ನು ಓದಿ ಹೇಳಿದ್ದೇ ತಡ, ಬೆಂಚಿನವರೆಲ್ಲ ನಕ್ಕರು. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟಕ್ಕೆ ಫುಟ್ಬಾಲ್ ಎಂದು ಹೆಸರಿಟ್ಟವರನ್ನು ನೋಡಿ ನಗದೆ ಇರುವುದು ಹೇಗೆ ಎಂದು ಒಬ್ಬ ಕೇಳಿದ. ನಾವೂ ನಕ್ಕೆವು. ಆ ನಗುವಿನಲ್ಲಿ ಒಂದು ಸುಖವಿತ್ತು. ಎಲ್ಲದರಲ್ಲೂ ಜಗತ್ತಿನ ಯಜಮಾನಿಕೆ ನಡೆಸುವ ದೇಶ ಇದೊಂದು ವಿಷಯದಲ್ಲಿ ಬಾಗಿಲ ಹೊರಗೆ ನಿಂತಿದೆ, ನಾವು ಒಳಗಿದ್ದೇವೆ ಎಂಬ ಸುಖ. ಮನೆಗೆ ಬಂದು ಮಲಗಿದ ಮೇಲೆ ಗೋಲುಗಳಿಗಿಂತ ಆ ನಗುವೇ ಹೆಚ್ಚು ಕಾಡಿತು.

ಗೊಂದಲವಾಗದಿರಲೆಂದು ನಮ್ಮ ಆಟವನ್ನು ಕಾಲ್ಚೆಂಡು ಎಂದೂ, ಅವರದನ್ನು ಅಮೆರಿಕನ್ ಫುಟ್ಬಾಲ್ ಎಂದೂ ಇಲ್ಲಿ ಕರೆಯುತ್ತೇವೆ. ವಿಶ್ವಸಂಸ್ಥೆಯಲ್ಲಿರುವುದು 193 ದೇಶಗಳು. ಕಾಲ್ಚೆಂಡಿನ ಜಾಗತಿಕ ಸಂಸ್ಥೆಯಾದ ಫಿಫಾದಲ್ಲಿ 211 ಸದಸ್ಯ ಸಂಘಗಳಿವೆ. ಆ ರಾತ್ರಿಯ ಫೈನಲನ್ನು ಸುಮಾರು 150 ಕೋಟಿ ಜನ ನೋಡಿದರೆಂದು ಫಿಫಾ ಲೆಕ್ಕ ಕೊಟ್ಟಿತು. ಅಮೆರಿಕನ್ ಫುಟ್ಬಾಲಿನ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲನ್ನು 2024ರಲ್ಲಿ ಆ ದೇಶದಲ್ಲಿ ನೋಡಿದವರು 12 ಕೋಟಿಗೆ ತುಸು ಹೆಚ್ಚು. ಇಷ್ಟು ಹೇಳಿದರೆ ವಾದ ಮುಗಿಯಿತು ಎಂದು ನಮ್ಮ ಗೆಳೆಯರು ಭಾವಿಸುತ್ತಾರೆ. ನಿಜಕ್ಕೂ ಮುಗಿಯಿತೇ? ಹೆಚ್ಚು ಜನ ಒಪ್ಪಿದ್ದು ಎಂಬ ಒಂದೇ ಕಾರಣಕ್ಕೆ ಯಾವುದೂ ಒಳ್ಳೆಯದಾಗಿಬಿಡುವುದಿಲ್ಲ. ಲೆಕ್ಕದಲ್ಲಿ ಕಡಿಮೆಯಿರುವವರಾಗಿ ಬದುಕುವ ನಾವಾದರೂ ಇದನ್ನು ಮರೆಯಬಾರದಿತ್ತು. ಅಲ್ಲದೆ, ತಮ್ಮತಮ್ಮೊಳಗೇ ಆಡಿ ಗೆದ್ದವರನ್ನು ಅಮೆರಿಕದವರು ವಿಶ್ವ ಚಾಂಪಿಯನ್ನರೆಂದು ಕರೆಯುತ್ತಾರೆ ಎಂದು ಗೇಲಿ ಮಾಡುವ ನಾವು, ಪೂರ್ಣ ಸದಸ್ಯತ್ವದ ದೇಶಗಳು ಹನ್ನೆರಡೇ ಇರುವ ಕ್ರಿಕೆಟಿನಲ್ಲಿ ಗೆದ್ದಾಗ ಜಗತ್ತನ್ನೇ ಗೆದ್ದಂತೆ ಪಟಾಕಿ ಹೊಡೆಯುವುದಿಲ್ಲವೇ?

ಎರಡೂ ಆಟಗಳು ಒಂದೇ ತಾಯಿಯ ಮಕ್ಕಳು. ಇಂಗ್ಲೆಂಡಿನ ಶಾಲೆಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮದಲ್ಲಿ ಆಡುತ್ತಿದ್ದ ಆಟಕ್ಕೆ ಒಂದು ಕಟ್ಟಳೆ ತರಬೇಕೆಂದು 1863ರ ಅಕ್ಟೋಬರಿನಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಕೆಲವರು ಸಭೆ ಸೇರಿದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೇ, ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯಬಹುದೇ ಎಂಬುದೇ ಜಗಳ. ಎರಡೂ ಬೇಡವೆಂದವರು ಕಾಲ್ಚೆಂಡು ಕಟ್ಟಿದರು, ಬೇಕೆಂದವರು ಎದ್ದು ಹೋಗಿ ಮುಂದೆ ರಗ್ಬಿ ಕಟ್ಟಿದರು. ಅಮೆರಿಕದಲ್ಲಿ ಕಾಲೇಜುಗಳ ನಡುವಿನ ಮೊದಲ ಪಂದ್ಯ ಎನ್ನಲಾಗುವ 1869ರ ರಟ್ಗರ್ಸ್ ಮತ್ತು ಪ್ರಿನ್ಸ್ಟನ್ ಪಂದ್ಯದಲ್ಲಿ ಚೆಂಡನ್ನು ಎತ್ತಿಕೊಂಡು ಓಡುವಂತಿರಲಿಲ್ಲ ಎಂಬುದು ತಮಾಷೆಯ ಸಂಗತಿ. ಐದು ವರ್ಷಗಳ ನಂತರ ಹಾರ್ವರ್ಡಿನವರು ಕೆನಡಾದ ಮೆಕ್‌ಗಿಲ್ ವಿದ್ಯಾರ್ಥಿಗಳೊಡನೆ ರಗ್ಬಿ ಮಾದರಿಯಲ್ಲಿ ಆಡಿ ಅದಕ್ಕೆ ಮನಸೋತರು. ಆಮೇಲೆ ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ ಎಂಬಾತ 1880ರಿಂದ ಒಂದೊಂದೇ ನಿಯಮ ಬದಲಿಸುತ್ತಾ ಅದನ್ನು ಬೇರೆಯದೇ ಆಟವನ್ನಾಗಿಸಿದ. ಎರಡು ದಂಡುಗಳ ನಡುವೆ ಒಂದು ಗೆರೆ, ಗೆರೆ ದಾಟಲು ಇಂತಿಷ್ಟೇ ಅವಕಾಶ, ಮತ್ತೆ ಸೀಟಿ, ಮತ್ತೆ ಗೆರೆ.

ಇದನ್ನು ನಮಗೆ ಅರ್ಥ ಮಾಡಿಸಲು ಖಾಲಾನ ಮಗ ಒಮ್ಮೆ ಫೋನಿನಲ್ಲಿ ಒಂದು ಗಂಟೆ ಹೆಣಗಿದ್ದ. ಹತ್ತು ಗಜ ಮುಂದೆ ಹೋಗಲು ನಾಲ್ಕು ಯತ್ನ. ಪ್ರತಿ ಯತ್ನಕ್ಕೂ ಮೊದಲೇ ಹೆಣೆದ ತಂತ್ರ. ಯಾರು ತಳ್ಳಬೇಕು, ಯಾರು ಓಡುವಂತೆ ನಟಿಸಬೇಕು, ಯಾರು ನಿಜವಾಗಿ ಓಡಬೇಕು ಎಂಬುದೆಲ್ಲ ಮೊದಲೇ ಗೊತ್ತು. ಚೆಂಡು ಮುಟ್ಟದೆಯೇ ಇಡೀ ಜೀವನ ಆಡಿ ನಿವೃತ್ತರಾದವರಿದ್ದಾರಂತೆ. ಮೂರು ಗಂಟೆಯ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು 11 ನಿಮಿಷ ಮಾತ್ರ ಎಂದು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2010ರಲ್ಲಿ ಲೆಕ್ಕ ಹಾಕಿತ್ತು. ಉಳಿದದ್ದು ಯೋಚನೆ, ಜಾಹೀರಾತು, ಮತ್ತೆ ತೋರಿಸುವುದು. "ಭಾಯಿಜಾನ್, ಇದು ಚದುರಂಗ. ಕಾಯಿಗಳಿಗೆ ನೂರು ಕಿಲೋ ತೂಕ, ಅಷ್ಟೇ ವ್ಯತ್ಯಾಸ" ಎಂದ. ಒಪ್ಪತಕ್ಕ ಮಾತೇ. ದಡ್ಡರ ಆಟ ಎಂದು ನಾವು ಅಂದುಕೊಂಡಿದ್ದು ದಡ್ಡರ ಆಟವಾಗಿರಲಿಲ್ಲ.

ಹಾಗಾದರೆ ಅದೇಕೆ ಸಮುದ್ರ ದಾಟಲಿಲ್ಲ? ಕಾಲ್ಚೆಂಡನ್ನು ಊರೂರಿಗೆ ಹೊತ್ತವರು ಬ್ರಿಟಿಷ್ ನಾವಿಕರು, ರೈಲು ಹಳಿ ಹಾಕಲು ಹೋದ ಕೆಲಸಗಾರರು, ಗಿರಣಿಯ ಮೇಸ್ತ್ರಿಗಳು, ಮಿಷನ್ ಶಾಲೆಯ ಮಾಸ್ತರರು, ಸಿಪಾಯಿಗಳು. ಅಂದರೆ ಸಾಮ್ರಾಜ್ಯ. ಅದರ ಹಡಗು ಹೋದಲ್ಲೆಲ್ಲ ಚೆಂಡೂ ಹೋಯಿತು. ಹಡಗನ್ನು ಓಡಿಸಿದ ಮೇಲೂ ಚೆಂಡನ್ನು ಜನ ಉಳಿಸಿಕೊಂಡರು. ಅಮೆರಿಕನ್ ಫುಟ್ಬಾಲ್ ಹುಟ್ಟಿದ್ದು ಶ್ರೀಮಂತರ ಮಕ್ಕಳ ಕಾಲೇಜುಗಳಲ್ಲಿ. ಅದಕ್ಕೆ ಗೆರೆ ಎಳೆದ ಮೈದಾನ, ತಲೆಗೆ ಕವಚ, ಭುಜಕ್ಕೆ ಕವಚ, ಅಳೆಯುವ ಸರಪಳಿ, ನಾಲ್ಕೈದು ತೀರ್ಪುಗಾರರು ಬೇಕು. ಕಾಲ್ಚೆಂಡಿಗೆ ಹದಿನೇಳು ನಿಯಮಗಳಿವೆಯಂತೆ. ನಾವು ಆಡುವಾಗ ಒಂದೇ ಗೊತ್ತಿತ್ತು: ಕೈ ತಾಗಿಸಬಾರದು.

ನಾವು ಓದಿದ ಉರ್ದು ಪ್ರಾಥಮಿಕ ಶಾಲೆಗೆ ಆಟದ ಮೈದಾನವಿರಲಿಲ್ಲ. ಶಾಲೆಯ ಹಿಂದೆ ಕಟ್ಟಿಗೆ ಡಿಪೋದವರ ಖಾಲಿ ಜಾಗವಿತ್ತು. ದರ್ಜಿ ಅಂಗಡಿಯ ಚಿಂದಿಯನ್ನು ಉಂಡೆ ಮಾಡಿ, ಸೈಕಲ್ ಟ್ಯೂಬಿನ ಉಂಗುರಗಳಿಂದ ಬಿಗಿದರೆ ಚೆಂಡಾಯಿತು. ಎರಡು ಜೊತೆ ಚಪ್ಪಲಿ ಇಟ್ಟರೆ ಗೋಲಾಯಿತು. 1990ರ ಜೂನ್ 8ರಂದು ನೆರೆಮನೆಯ ಕಪ್ಪು ಬಿಳುಪು ಟಿವಿಯಲ್ಲಿ ಕ್ಯಾಮರೂನ್ ತಂಡ ಮರಡೋನಾನ ಅರ್ಜೆಂಟೀನಾವನ್ನು ಒಂದು ಗೋಲಿನಿಂದ ಸೋಲಿಸಿದ್ದನ್ನು ನೋಡಿದ ಮೇಲಂತೂ ನಾವೆಲ್ಲ ಕ್ಯಾಮರೂನಿನವರೇ ಆಗಿಬಿಟ್ಟೆವು. ಕೊನೆಗೆ ಅವರಲ್ಲಿ ಉಳಿದಿದ್ದವರು ಒಂಬತ್ತು ಜನ. ಆ ದೇಶ ಭೂಪಟದಲ್ಲಿ ಎಲ್ಲಿದೆಯೆಂದು ಮಾಸ್ತರರನ್ನು ಕೇಳಿದ್ದು ಮರುದಿನ.

ಕಾಲ್ಚೆಂಡಿನ ನಿಜವಾದ ಸೆಳೆತ ಇಲ್ಲಿದೆ ಎಂದು ನಮಗನ್ನಿಸುತ್ತದೆ. ಗೋಲುಗಳು ಕಡಿಮೆ. ತೊಂಬತ್ತು ನಿಮಿಷದಲ್ಲಿ ಒಂದು, ಎರಡು, ಕೆಲವೊಮ್ಮೆ ಸೊನ್ನೆ. ಅಮೆರಿಕದವರಿಗೆ ಇದು ಬೇಸರ ತರಿಸುತ್ತದೆ. ಆದರೆ ಗೋಲು ಕಡಿಮೆಯಾದಷ್ಟೂ ಅದೃಷ್ಟಕ್ಕೆ ಜಾಗ ಹೆಚ್ಚು, ಅದೃಷ್ಟಕ್ಕೆ ಜಾಗ ಹೆಚ್ಚಾದಷ್ಟೂ ದುರ್ಬಲನಿಗೆ ಆಸೆ ಹೆಚ್ಚು. ನೂರು ಸಲ ದಾಳಿ ಮಾಡಿದ ಬಲಶಾಲಿ ಒಂದು ತಪ್ಪಿನಿಂದ ಸೋಲಬಹುದು. ಇದು ನ್ಯಾಯವೇ? ಖಂಡಿತ ಅಲ್ಲ. ಚೆನ್ನಾಗಿ ಆಡಿದವನು ಗೆಲ್ಲಬೇಕಾದದ್ದು ನ್ಯಾಯ. ಆದರೂ ದಿನವೂ ಬಲಶಾಲಿಯೇ ಗೆಲ್ಲುವುದನ್ನು ಕಾಣುವ ಜನಕ್ಕೆ ಈ ಅನ್ಯಾಯವೇ ನ್ಯಾಯದಂತೆ ಕಾಣುತ್ತದೆ.

ಅತಿ ದೊಡ್ಡ ಉದಾಹರಣೆಯನ್ನು ಕೊಟ್ಟವರು ಅಮೆರಿಕದವರೇ. 1950ರ ಜೂನ್ 29ರಂದು ಬ್ರೆಜಿಲ್ಲಿನ ಬೆಲೊ ಹೊರಿಜಾಂಟೆಯಲ್ಲಿ ಅವರ ಹವ್ಯಾಸಿ ತಂಡ ಇಂಗ್ಲೆಂಡನ್ನು 1-0ರಿಂದ ಸೋಲಿಸಿತು. ತಲೆಯಿಂದ ಆ ಗೋಲು ಹೊಡೆದವನು ಜೋ ಗೇಟ್ಜೆನ್ಸ್. ಹೈಟಿ ದ್ವೀಪದವನು, ನ್ಯೂಯಾರ್ಕಿಗೆ ಓದಲು ಬಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವನು, ಅಮೆರಿಕದ ಪೌರತ್ವವೂ ಇಲ್ಲದವನು. ಬ್ರೆಜಿಲ್ ಜನ ಅವನನ್ನು ಹೆಗಲ ಮೇಲೆ ಹೊತ್ತರು. ಅಮೆರಿಕದಲ್ಲಿ ಯಾರೂ ಅಷ್ಟಾಗಿ ಗಮನಿಸಲಿಲ್ಲ. ನಂತರ ಅವನು ತನ್ನ ದೇಶಕ್ಕೆ ಮರಳಿದ. 1964ರಲ್ಲಿ ಸರ್ವಾಧಿಕಾರಿ ಡುವಾಲಿಯೆಯ ಗೂಂಡಾ ಪಡೆ ಅವನನ್ನು ಹಿಡಿದೊಯ್ದಿತು. ಅವನ ದೇಹವೂ ಸಿಗಲಿಲ್ಲ. ಒಂದು ಗೋಲು ಇಂಗ್ಲೆಂಡನ್ನು ಸೋಲಿಸಬಲ್ಲುದು, ಗೋಲು ಹೊಡೆದವನನ್ನು ಕಾಪಾಡಲಾರದು.

ನಮ್ಮಲ್ಲೂ ಇಂಥ ಕಥೆಗಳನ್ನು ಹೇಳಿಕೊಂಡು ಬೆಳೆದೆವು. 1911ರಲ್ಲಿ ಕಲ್ಕತ್ತಾದ ಮೋಹನ್ ಬಗಾನ್ ಬರಿಗಾಲಲ್ಲಿ ಬ್ರಿಟಿಷ್ ರೆಜಿಮೆಂಟನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದದ್ದು, 1934ರಿಂದ ಸತತ ಐದು ವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್ ಕಲ್ಕತ್ತಾ ಲೀಗ್ ಗೆದ್ದದ್ದು, 1937ರಲ್ಲಿ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವಾದದ್ದು, ಮರುವರ್ಷವೂ ಗೆದ್ದದ್ದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿನೆದುರು ಆಡಿದಾಗ ಹೆಚ್ಚಿನವರ ಕಾಲಲ್ಲಿ ಬೂಟಿರಲಿಲ್ಲ. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಒಂದೇ ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ. ಎರಡು ಪೆನಾಲ್ಟಿಗಳು ಕೈತಪ್ಪಿ, ಕೊನೆಯ ನಿಮಿಷಗಳಲ್ಲಿ 2-1ರಿಂದ ಸೋತರು.

ಈ ಬರಿಗಾಲಿನ ಕಥೆಯನ್ನು ನಾವು ಎಷ್ಟು ಸಲ ಹೆಮ್ಮೆಯಿಂದ ಹೇಳಿದ್ದೇವೋ ಲೆಕ್ಕವಿಲ್ಲ. ಒಮ್ಮೆ ನಮ್ಮ ದೊಡ್ಡಬ್ಬನ ಎದುರು ಹೇಳಿದೆವು. ಅವರು ಯೌವನದಲ್ಲಿ ಕಾರ್ಖಾನೆಯ ತಂಡಕ್ಕೆ ಆಡಿದವರು, ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಪೂರ್ತಿ ಕೇಳಿ, "ಬೂಟಿಗೆ ದುಡ್ಡಿದ್ದಿದ್ದರೆ ನಾವೂ ಹಾಕಿಕೊಳ್ಳುತ್ತಿದ್ದೆವು ಮಗಾ" ಎಂದರು. ಅಷ್ಟೇ. ಅಂದಹಾಗೆ, ಮಳೆಗಾಲದ ಕೆಸರಿಗೆ ಬೂಟು ತೊಡಲು ಕಲಿತದ್ದು ಮೊಹಮ್ಮಡನ್ ಸ್ಪೋರ್ಟಿಂಗಿನ ಗೆಲುವಿನ ಗುಟ್ಟುಗಳಲ್ಲೊಂದು ಎಂಬುದನ್ನು ನಾವು ಬಹಳ ತಡವಾಗಿ ಓದಿದೆವು. ಬಡವರೂ ಆಡಬಹುದಾದ ಆಟ ಎನ್ನುವುದು ಹೊಗಳಿಕೆ ನಿಜ. ಆದರೆ ಅದು ಯಾರ ಹೊಗಳಿಕೆ? ಆಟದ್ದೋ, ಬಡತನದ್ದೋ? ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಹೇಳಿದ ಮೇಲೆ ಒಳಗೆ ಹೋದವರನ್ನು ಹೇಗೆ ನಡೆಸಿಕೊಂಡರು ಎಂದು ಕೇಳುವುದು ಬೇಡವೇ?

ಹಾಗೆ ಕೇಳಹೊರಟಾಗ ಮೊದಲ ಆಶ್ಚರ್ಯ ಎದುರಾಗುತ್ತದೆ. ಬಂಡವಾಳಶಾಹಿಯ ತವರಿನಲ್ಲಿ ಅವರ ಫುಟ್ಬಾಲ್ ಲೀಗನ್ನು ನಡೆಸುವುದು ಹೆಚ್ಚುಕಡಿಮೆ ಸಮಾಜವಾದಿ ಲೆಕ್ಕದಲ್ಲಿ. 32 ತಂಡಗಳು ಟಿವಿಯಿಂದ ಬರುವ ರಾಷ್ಟ್ರೀಯ ಆದಾಯವನ್ನು ಸಮನಾಗಿ ಹಂಚಿಕೊಳ್ಳುತ್ತವೆ. 1994ರಿಂದ ಯಾವ ತಂಡವೂ ಆಟಗಾರರ ಸಂಬಳಕ್ಕೆ ಗೊತ್ತಾದ ಮಿತಿ ಮೀರಿ ಖರ್ಚು ಮಾಡುವಂತಿಲ್ಲ. ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ಆರಿಸುವಾಗ ಹಿಂದಿನ ವರ್ಷ ಅತಿ ಹೆಚ್ಚು ಸೋತವರಿಗೆ ಮೊದಲ ಸರದಿ. ಸುಮಾರು ಒಂದು ಲಕ್ಷ ಜನಸಂಖ್ಯೆಯ ಗ್ರೀನ್ ಬೇ ಎಂಬ ಊರಿನ ತಂಡಕ್ಕೆ ಒಡೆಯನೇ ಇಲ್ಲ. 1923ರಿಂದಲೂ ಅದು ಲಾಭಾಂಶವಿಲ್ಲದ ಷೇರು ಕೊಂಡ ಸಾಮಾನ್ಯ ಜನರದ್ದು. ಬಡವರ ಆಟ ಎನ್ನಿಸಿಕೊಂಡ ಕಾಲ್ಚೆಂಡಿನಲ್ಲಿ ಏನಾಗಿದೆ? 2017ರಲ್ಲಿ ನೇಮಾರ್ ಎಂಬ ಒಬ್ಬ ಆಟಗಾರನನ್ನು ಒಂದು ಕ್ಲಬ್ಬಿನಿಂದ ಇನ್ನೊಂದು ಕ್ಲಬ್ಬಿಗೆ ಒಯ್ಯಲು 22 ಕೋಟಿ 20 ಲಕ್ಷ ಯೂರೋ ತೆತ್ತರು. ದುಡ್ಡಿದ್ದವರು ಕೊಳ್ಳುತ್ತಾರೆ, ಇಲ್ಲದವರು ಬೆಳೆಸಿ ಮಾರುತ್ತಾರೆ. ಹತ್ತಿಯದ್ದೂ ಇದೇ ಕಥೆ, ಕಾಫಿಯದ್ದೂ ಇದೇ ಕಥೆ.

ಆದರೆ ಇಲ್ಲೂ ಅವಸರದ ತೀರ್ಪು ಸಲ್ಲದು. ಅಮೆರಿಕದ ಸಮಾನತೆ ಒಡೆಯರ ಕೂಟದೊಳಗಿನ ಸಮಾನತೆ. ಆ 32ರಲ್ಲಿ ಯಾರೂ ಕೆಳಗೆ ಬೀಳುವುದಿಲ್ಲ, ಹೊರಗಿನ ಯಾರೂ ಮೇಲೆ ಬರಲಾರರು. ಯುರೋಪಿನ ಕಾಲ್ಚೆಂಡಿನಲ್ಲಿ ಏಣಿಯಿದೆ. ಸೋತವರು ಕೆಳಗಿನ ಲೀಗಿಗೆ ಇಳಿಯಬೇಕು, ಗೆದ್ದವರು ಮೇಲೆ ಹತ್ತಬಹುದು. ಆ ಏಣಿ ಹತ್ತಿ ಬಂದ ಲೆಸ್ಟರ್ ಎಂಬ ಊರಿನ ತಂಡ 2016ರಲ್ಲಿ ಇಂಗ್ಲೆಂಡಿನ ಶ್ರೀಮಂತ ಕ್ಲಬ್ಬುಗಳನ್ನೆಲ್ಲ ಹಿಂದಿಕ್ಕಿ ಪ್ರೀಮಿಯರ್ ಲೀಗ್ ಗೆದ್ದಿತು. 2021ರ ಏಪ್ರಿಲಿನಲ್ಲಿ ಯುರೋಪಿನ ಹನ್ನೆರಡು ದೊಡ್ಡ ಕ್ಲಬ್ಬುಗಳು ಏಣಿಯನ್ನೇ ಒದ್ದು ಕೆಡವಿ, ಅಮೆರಿಕದ ಮಾದರಿಯಲ್ಲಿ ಹೆಚ್ಚುಕಡಿಮೆ ಮುಚ್ಚಿದ ಲೀಗೊಂದನ್ನು ಕಟ್ಟಲು ಹೊರಟಾಗ ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನದಲ್ಲಿ ಆ ದೇಶದ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಆಟ ತಮ್ಮದು ಎಂದು ನಂಬಿದ ಜನ ಒಡೆಯರಿಗೆ ಬೇಡ ಎನ್ನಬಲ್ಲರು. ಅದನ್ನು ನೋಡಿ ನಮಗೆ ನಿಜಕ್ಕೂ ಸಂತೋಷವಾಗಿತ್ತು.

ಇನ್ನು ದೇಹದ ಮಾತು. ಅಮೆರಿಕನ್ ಫುಟ್ಬಾಲಿನ ಹಿಂಸೆ ಹೊಸದಲ್ಲ. 1905ರ ಒಂದೇ ಋತುವಿನಲ್ಲಿ 18 ಸಾವುಗಳು ವರದಿಯಾಗಿ, ಅಧ್ಯಕ್ಷ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಬೇಕಾಯಿತು. ಚೆಂಡನ್ನು ಮುಂದಕ್ಕೆ ಎಸೆಯಬಹುದೆಂಬ ನಿಯಮ ಬಂದದ್ದು ಮರುವರ್ಷ. ಆದರೆ ಕಣ್ಣಿಗೆ ಕಾಣದ ಗಾಯ ಬಯಲಾಗಲು ನೂರು ವರ್ಷ ಬೇಕಾಯಿತು. ಪಿಟ್ಸ್‌ಬರ್ಗಿನ ತಂಡದ ತಾರೆಯಾಗಿದ್ದ ಮೈಕ್ ವೆಬ್ಸ್ಟರ್ ನೆನಪು, ನಿದ್ದೆ, ನೆಮ್ಮದಿ ಎಲ್ಲ ಕಳೆದುಕೊಂಡು, ಕೆಲಕಾಲ ತನ್ನ ಟ್ರಕ್ಕಿನಲ್ಲೇ ಮಲಗುತ್ತಾ, 2002ರಲ್ಲಿ ಐವತ್ತರ ವಯಸ್ಸಿನಲ್ಲಿ ತೀರಿಕೊಂಡ. ಶವಪರೀಕ್ಷೆ ಮಾಡಿದವರು ನೈಜೀರಿಯಾದಿಂದ ಬಂದ ವೈದ್ಯ ಬೆನೆಟ್ ಒಮಾಲು. ಪದೇಪದೇ ಬಿದ್ದ ಪೆಟ್ಟಿನಿಂದ ಮೆದುಳು ಸವೆದದ್ದನ್ನು ಅವರು 2005ರಲ್ಲಿ ಬರೆದು ಪ್ರಕಟಿಸಿದಾಗ ಲೀಗಿನ ವೈದ್ಯರು ಅದನ್ನು ಹಿಂತೆಗೆದುಕೊಳ್ಳಬೇಕೆಂದರು. ಮುಂದೆ 2017ರಲ್ಲಿ, ಕುಟುಂಬದವರು ದಾನ ಕೊಟ್ಟ ಲೀಗ್ ಆಟಗಾರರ 111 ಮೆದುಳುಗಳನ್ನು ಪರೀಕ್ಷಿಸಿದಾಗ 110ರಲ್ಲಿ ಅದೇ ರೋಗವಿತ್ತು. ರೋಗಲಕ್ಷಣ ಕಂಡವರೇ ಹೆಚ್ಚಾಗಿ ದಾನ ಕೊಟ್ಟಿರುತ್ತಾರೆ ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಎದೆ ಝಲ್ಲೆನ್ನುತ್ತದೆ. ಇದಕ್ಕಿಂತ ನಮ್ಮನ್ನು ಕಲಕಿದ್ದು ಪರಿಹಾರ ಹಂಚಿದ ರೀತಿ. ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲಿನಿಂದಲೇ ಕಡಿಮೆ ಎಂಬ ಊಹೆಯ ಮೇಲೆ ಅಂಕ ಹಾಕುವ ಪದ್ಧತಿ ಅಲ್ಲಿತ್ತು. ಹೀಗಾಗಿ ತಮಗೆ ಹಾನಿಯಾಗಿದೆ ಎಂದು ತೋರಿಸುವುದೇ ಅವರಿಗೆ ಕಷ್ಟವಾಗುತ್ತಿತ್ತು. ಅದನ್ನು ಕೈಬಿಟ್ಟದ್ದು 2021ರಲ್ಲಿ. ತಲೆ ಒಡೆಸಿಕೊಳ್ಳುವಾಗ ಸಮಾನರು, ಬೆಲೆ ಕಟ್ಟುವಾಗ ಅಲ್ಲ.

ನೋಡಿ, ಅವರ ಆಟ ಎಷ್ಟು ಕ್ರೂರ ಎಂದು ಇಲ್ಲಿಗೇ ನಿಲ್ಲಿಸಿದರೆ ಚಹಾದಂಗಡಿಯ ನಗುವೇ ಮುಂದುವರಿದಂತಾಗುತ್ತದೆ. ಇಂಗ್ಲೆಂಡಿನ ಜೆಫ್ ಆಸ್ಟ್ಲ್ ತಲೆಯಿಂದ ಗೋಲು ಹೊಡೆಯುವುದರಲ್ಲಿ ಹೆಸರಾದವರು. ಅವರೂ 2002ರಲ್ಲೇ, 59ರ ವಯಸ್ಸಿನಲ್ಲಿ, ಮರೆವಿನ ಕಾಯಿಲೆಯಿಂದ ಸತ್ತರು. ಭಾರವಾದ ಚರ್ಮದ ಚೆಂಡಿಗೆ ತಲೆಕೊಟ್ಟದ್ದರಿಂದ ಬಂದ ವೃತ್ತಿರೋಗ ಎಂದು ವಿಚಾರಣಾಧಿಕಾರಿ ತೀರ್ಮಾನಿಸಿದರು. ಹತ್ತು ವರ್ಷದೊಳಗಿನ ಮಕ್ಕಳು ಚೆಂಡಿಗೆ ತಲೆಕೊಡಬಾರದೆಂದು 2015ರಲ್ಲಿ ನಿಯಮ ಮಾಡಿದವರು, ಇದೂ ವಿಪರ್ಯಾಸವೇ, ಅಮೆರಿಕದ ಕಾಲ್ಚೆಂಡು ಸಂಸ್ಥೆಯವರು. ಆ ಚೆಂಡನ್ನು ಹೊಲಿಯುತ್ತಿದ್ದವರು ಯಾರು? ಪಾಕಿಸ್ತಾನದ ಸಿಯಾಲ್‌ಕೋಟಿನ ಸುತ್ತಲಿನ ಹಳ್ಳಿಗಳಲ್ಲಿ, ನಮ್ಮ ಜಲಂಧರ ಮತ್ತು ಮೀರತ್ತಿನ ಬೀದಿಗಳಲ್ಲಿ, 32 ತುಂಡುಗಳನ್ನು ಕೈಯಿಂದ ಹೊಲಿದು ಒಂದು ಚೆಂಡು ಮಾಡುವವರಲ್ಲಿ ಮಕ್ಕಳೂ ಇದ್ದರು. ಸಿಯಾಲ್‌ಕೋಟಿನಲ್ಲಿ ಅದನ್ನು ನಿಲ್ಲಿಸುವ ಒಪ್ಪಂದಕ್ಕೆ 1997ರ ಫೆಬ್ರವರಿಯಲ್ಲಿ ಸಹಿ ಬಿತ್ತು. ಆ ಕಾಲದಲ್ಲಿ ನಾವು ಆಸೆಪಟ್ಟು, ಚಂದಾ ಎತ್ತಿ ಕೊಂಡ ಮೊದಲ 'ಅಸಲಿ' ಚೆಂಡನ್ನು ನಮ್ಮ ವಯಸ್ಸಿನ ಯಾವ ಹುಡುಗ ಹೊಲಿದಿದ್ದನೋ!

ಮತ್ತೆ ಆ ಡಿಸೆಂಬರಿನ ರಾತ್ರಿ. ಪಂದ್ಯ ನಡೆದದ್ದು ಕತಾರಿನಲ್ಲಿ. ಅಲ್ಲಿ ಕ್ರೀಡಾಂಗಣ, ರಸ್ತೆ, ಮೆಟ್ರೊ, ಹೋಟೆಲು ಕಟ್ಟಿದವರು ನಮ್ಮ ಕರಾವಳಿಯಿಂದ, ಕೇರಳ, ಬಿಹಾರ, ನೇಪಾಳ, ಬಾಂಗ್ಲಾಗಳಿಂದ ಹೋದವರು. ವಿಶ್ವಕಪ್ ಕತಾರಿಗೆ ದಕ್ಕಿದ ನಂತರದ ಹತ್ತು ವರ್ಷಗಳಲ್ಲಿ ಐದು ದಕ್ಷಿಣ ಏಷ್ಯಾ ದೇಶಗಳ 6,500ಕ್ಕೂ ಹೆಚ್ಚು ವಲಸೆ ಕಾರ್ಮಿಕರು ಅಲ್ಲಿ ಸತ್ತಿದ್ದಾರೆ ಎಂದು ಗಾರ್ಡಿಯನ್ ಪತ್ರಿಕೆ 2021ರಲ್ಲಿ ಬರೆಯಿತು. ಇದರಲ್ಲಿ ಎಲ್ಲ ಬಗೆಯ ಕೆಲಸದವರು, ಎಲ್ಲ ಬಗೆಯ ಸಾವುಗಳು ಸೇರಿದ್ದವು. ವಿಶ್ವಕಪ್ಪಿಗೆ ಸಂಬಂಧಿಸಿದ ಕೆಲಸಗಳಲ್ಲಿ 400ರಿಂದ 500 ಜನ ಸತ್ತಿರಬಹುದೆಂದು ಸಂಘಟನೆಯ ಮುಖ್ಯಸ್ಥರೇ 2022ರ ನವೆಂಬರಿನಲ್ಲಿ ಹೇಳಿದರು. ಪಶ್ಚಿಮದವರು ಇದನ್ನು ಎತ್ತಿದಾಗ ನಮ್ಮಲ್ಲಿ ಹಲವರು, 'ಅರಬ್ ದೇಶವೆಂದು ಹೀಗೆ ಆಡುತ್ತಿದ್ದಾರೆ' ಎಂದು ಸಿಟ್ಟಾದರು. ಟೀಕೆಯಲ್ಲಿ ಆ ವಿಷವೂ ಸ್ವಲ್ಪ ಇತ್ತು, ಇಲ್ಲವೆನ್ನಲಾರೆವು. ಆದರೆ ಸತ್ತವರು ನಮ್ಮವರು. ಅವರಿಗಾಗಿ ಸಿಟ್ಟು ಬರದೆ ಆತಿಥೇಯರ ಮಾನಕ್ಕಾಗಿ ಸಿಟ್ಟು ಬಂದದ್ದು ಹೇಗೆ? ಮೊರಾಕೊ ಸೆಮಿಫೈನಲ್ ತಲುಪಿದಾಗ, ಬೂಫಲ್ ತನ್ನ ತಾಯಿಯ ಜೊತೆ ಮೈದಾನದಲ್ಲೇ ಕುಣಿದಾಗ, ಮನೆಗಳ ಕಸ ಗುಡಿಸಿ ಹಕೀಮಿಯನ್ನು ಬೆಳೆಸಿದ ತಾಯಿಯ ಹಣೆಗೆ ಮಗ ಮುತ್ತಿಟ್ಟಾಗ ನಾವೂ ಕಣ್ಣೊರೆಸಿಕೊಂಡೆವು. ಆ ಕಣ್ಣೀರು ಸುಳ್ಳಲ್ಲ. ಅದರಿಂದ ಲೆಕ್ಕ ಚುಕ್ತಾ ಆಗುವುದೂ ಇಲ್ಲ.

ತಾಯಂದಿರ ಮಾತು ಬಂತು. ಎಲ್ಲರ ಆಟ ಎನ್ನುವಾಗ ಲೆಕ್ಕದಿಂದಲೇ ಬಿಟ್ಟುಹೋಗುವ ಅರ್ಧ ಜಗತ್ತೊಂದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಯ ಹೆಣ್ಣುಮಕ್ಕಳು ತಂಡ ಕಟ್ಟಿದರು. ಅವರ ಒಂದು ಪಂದ್ಯಕ್ಕೆ 1920ರಲ್ಲಿ 53 ಸಾವಿರ ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಕಾಲ್ಚೆಂಡು ಸಂಸ್ಥೆ, ಈ ಆಟ ಹೆಂಗಸರಿಗೆ ಸಲ್ಲದೆಂದು ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಸುಮಾರು ಐವತ್ತು ವರ್ಷ ಮುಚ್ಚಿಯೇ ಇತ್ತು. ಕಾಲ್ಚೆಂಡಿನ ಸ್ವರ್ಗ ಎನ್ನುವ ಬ್ರೆಜಿಲ್ಲಿನಲ್ಲಿ 1941ರಿಂದ 1979ರವರೆಗೆ ಹೆಂಗಸರಿಗೆ ಅದು ಕಾನೂನಿನಿಂದಲೇ ನಿಷಿದ್ಧ. ಇರಾನಿನಲ್ಲಿ 1979ರ ಕ್ರಾಂತಿಯ ನಂತರ ಅವರು ಕ್ರೀಡಾಂಗಣಕ್ಕೆ ಹೋಗಿ ನೋಡುವುದೂ ತಪ್ಪಾಯಿತು. ಗಂಡಸಿನ ವೇಷದಲ್ಲಿ ಒಳಹೋಗಲು ಯತ್ನಿಸಿ ಸಿಕ್ಕಿಬಿದ್ದ ಸಹರ್ ಖೊದಾಯಾರಿ 2019ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯದ ಮುಂದೆ ಬೆಂಕಿ ಹಚ್ಚಿಕೊಂಡು ಸತ್ತಳು. ಮುಂದಿನ ತಿಂಗಳು ಹೆಂಗಸರಿಗೆ ಟಿಕೆಟ್ ಕೊಟ್ಟರು. ಇತ್ತ ಫಿಫಾ 2007ರಿಂದ ತಲೆವಸ್ತ್ರಕ್ಕೆ ತಡೆಯೊಡ್ಡಿತ್ತು. 2011ರಲ್ಲಿ ಅದೇ ಇರಾನಿನ ಹೆಣ್ಣುಮಕ್ಕಳ ತಂಡಕ್ಕೆ ಒಲಿಂಪಿಕ್ ಅರ್ಹತಾ ಪಂದ್ಯ ಆಡಗೊಡಲಿಲ್ಲ. ತಡೆ ತೆಗೆದದ್ದು 2014ರಲ್ಲಿ. ಒಬ್ಬರು ತಲೆ ಮುಚ್ಚಿಕೊಂಡಿದ್ದಕ್ಕೆ ಹೊರಗಟ್ಟಿದರು, ಇನ್ನೊಬ್ಬರು ಹೆಣ್ಣಾಗಿದ್ದಕ್ಕೆ.

ಮತ್ತು ಅಮೆರಿಕ? ಗಂಡಸರು ಕವಚ ತೊಟ್ಟು ಗುದ್ದಾಡುತ್ತಿದ್ದ ಆ ದೇಶದಲ್ಲಿ ಕಾಲ್ಚೆಂಡನ್ನು ಯಾರೂ ಅಷ್ಟು ಬಿಗಿಯಾಗಿ ಹಿಡಿದುಕೊಂಡಿರಲಿಲ್ಲ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದು ಎಂಬ ಕಾನೂನು 1972ರಲ್ಲಿ ಬಂದಾಗ, ಹುಡುಗಿಯರಿಗೆ ಕೊಡಲು ಕಾಲೇಜುಗಳಿಗೆ ಒಂದು ಆಟ ಬೇಕಿತ್ತು. ಕಾಲ್ಚೆಂಡು ಸಿಕ್ಕಿತು. 1991ರ ಮೊದಲ ಮಹಿಳಾ ವಿಶ್ವಕಪ್ ಗೆದ್ದವರು ಅವರೇ. 1999, 2015, 2019ರಲ್ಲೂ ಅವರೇ. 1999ರ ಫೈನಲ್ ನೋಡಲು ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ 90,185 ಜನ ನೆರೆದಿದ್ದರು. ಇಡೀ ಜಗತ್ತು ತನ್ನದೆಂದು ಅಪ್ಪಿಕೊಂಡ ಆಟದಲ್ಲಿ ಹೆಣ್ಣುಮಕ್ಕಳಿಗೆ ದೊಡ್ಡ ಜಾಗ ಸಿಕ್ಕಿದ್ದು ಅದನ್ನು ಅಷ್ಟಾಗಿ ಹಚ್ಚಿಕೊಳ್ಳದ ದೇಶದಲ್ಲಿ!

ಆ ರಾತ್ರಿ ನಾವು ಮನೆಗೆ ಮರಳಿದಾಗ ಹನ್ನೆರಡಾಗುತ್ತಾ ಬಂದಿತ್ತು. ಹನ್ನೊಂದು ವರ್ಷದ ಮಗಳು ಇನ್ನೂ ಎಚ್ಚರವಿದ್ದಳು. ತಾಯಿಯ ಫೋನಿನಲ್ಲಿ, ದಾದಿಗೆ ಎಚ್ಚರವಾಗದಂತೆ ಸದ್ದು ಆರಿಸಿ, ಪೂರ್ತಿ ಪಂದ್ಯ ನೋಡಿದ್ದಳು. ಚಹಾದಂಗಡಿಯಲ್ಲಿ ಯಾರ್ಯಾರಿದ್ದರು ಎಂದು ಕೇಳಿದಳು. "ಎಲ್ಲರೂ ಇದ್ದರು" ಎಂದೆವು. ಎಂಬಾಪೆಯ ಎರಡನೇ ಗೋಲನ್ನು ಅಲ್ಲಿ ಮತ್ತೆ ಮತ್ತೆ ತೋರಿಸಿದರೇ ಎಂದು ಕೇಳಿದಳು. ಅವಳ ಫೋನಿನಲ್ಲಿ ಆ ಹೊತ್ತಿಗೆ ಚಿತ್ರ ನಿಂತುಹೋಗಿತ್ತಂತೆ.

2023ರ ಜುಲೈನಲ್ಲಿ ಮಹಿಳಾ ವಿಶ್ವಕಪ್ಪಿನಲ್ಲಿ ಮೊರಾಕೊದ ನುಹೈಲಾ ಬೆಂಜಿನಾ ಹಿಜಾಬ್ ತೊಟ್ಟು ಕಣಕ್ಕಿಳಿದಳು. ಆ ಮಟ್ಟದಲ್ಲಿ ಹಾಗೆ ಆಡಿದ ಮೊದಲ ಆಟಗಾರ್ತಿ ಅವಳು. ಆ ಪಂದ್ಯವನ್ನು ಚಹಾದಂಗಡಿಯವನು ಹಾಕಿರಲಿಲ್ಲ. ಮನೆಯಲ್ಲೇ ನೋಡಿದೆವು. ಮುಗಿದ ಮೇಲೆ ಮಗಳು ತನಗೊಂದು ಚೆಂಡು ಬೇಕೆಂದಳು. ಕೊಡಿಸಿದೆವು. ಯಂತ್ರದಲ್ಲಿ ಅಂಟಿಸಿದ್ದು, ಯಾರೂ ಕೈಯಿಂದ ಹೊಲಿದದ್ದಲ್ಲ ಎಂದು ಅಂಗಡಿಯವನನ್ನು ಎರಡೆರಡು ಸಲ ಕೇಳಿಯೇ ಕೊಂಡೆವು. ಕಟ್ಟಿಗೆ ಡಿಪೋದ ಜಾಗ ಈಗಲೂ ಖಾಲಿಯಿದೆ. ಸಂಜೆ ಹುಡುಗರು ಅಲ್ಲಿ ಆಡುತ್ತಾರೆ. ತಾನೂ ಹೋಗಲೇ ಎಂದು ಅವಳು ಕೇಳಿದಾಗ, ಅಲ್ಲಿ ಹುಡುಗರಿರುತ್ತಾರೆ, ಬೇಡ ಎಂದೆವು. ಅವಳ ತಾಯಿ ಬೇಡ ಎನ್ನಲಿಲ್ಲ, ದಾದಿಯೂ ಎನ್ನಲಿಲ್ಲ, ಮೊಹಲ್ಲಾದ ಹಿರಿಯರನ್ನು ಯಾರೂ ಕೇಳಿಯೂ ಇರಲಿಲ್ಲ. ಬೇಡ ಎಂದವರು ನಾವು. ಈಗ ಅವಳು ಅಸರ್ ಆದ ಮೇಲೆ ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಗೋಡೆಗೆ ಚೆಂಡು ಒದೆಯುತ್ತಾಳೆ. ಕೆಳಗೆ ಕುಳಿತು ಬರೆಯುವ ನಮಗೆ ಆ ಸದ್ದು ಕೇಳಿಸುತ್ತದೆ. ಒಮ್ಮೊಮ್ಮೆ ಚೆಂಡು ಗೋಡೆ ದಾಟಿ ಬೀದಿಗೆ ಬೀಳುತ್ತದೆ, ಆಗ ಹೋಗಿ ತಂದುಕೊಡುತ್ತೇವೆ.